ಸಿನಿಮಾದ ಪೋಕರ್ ಟೇಬಲಲ್ಲಿ ಕತ್ತರಿಗೆ ಹೋದ ಭಾಗ

2025ರ ಆಗಸ್ಟಲ್ಲಿ ಆನ್‌ಲೈನ್ ಗೇಮಿಂಗ್ ಕಾನೂನು ಪಾರ್ಲಿಮೆಂಟಲ್ಲಿ ಎರಡೇ ದಿನದಲ್ಲಿ ಪಾಸಾಗಿ, 22ಕ್ಕೆ ರಾಷ್ಟ್ರಪತಿ ಸಹಿಯೂ ಬಿತ್ತು, ಕೂಡ್ಲೇ ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ಟಿನ ದೊಡ್ಡ ದೊಡ್ಡ ಆಪ್‌ಗಳೆಲ್ಲ ಬಾಗಿಲು ಹಾಕಿದವು. ಅಲ್ಲಿಯವರೆಗೆ ಫೋನ್ ಒಳಗೆ ಎಂತ ನಡೀತಾ ಉಂಟು ಅಂತ ಗೊತ್ತಿಲ್ಲದ ಎಷ್ಟೋ ಮನೆಯವರಿಗೆ ವಿಷಯ ತಿಳಿದದ್ದೇ ಆಗ. ಉಲಾಯಿ-ಪಿದಾಯಿ (ಅಂದರ್-ಬಾಹರ್) ಗೊತ್ತುಂಟು, ಕೋಳಿ ಅಂಕದ ಬೆಟ್ಟಿಂಗ್ ಗೊತ್ತುಂಟು, ಮಟ್ಕಾ ಅಂತೂ ಪೇಪರಲ್ಲಿ ಓದಿ ಓದಿ ಗೊತ್ತುಂಟು, ಆದ್ರೆ ಈ ಪೋಕರ್ ಎಂತದು ಮಾರಾಯ್ರೆ? ಮಕ್ಕಳನ್ನು ಕೇಳಿದ್ರೆ "ಅದು ಜುಗಾರಿ ಅಲ್ಲ ಪಪ್ಪ, ಬ್ರೈನ್ ಗೇಮ್, ಜೇಮ್ಸ್ ಬಾಂಡ್ ಆಡ್ತಾನಲ್ಲ ಅದು" ಅಂತಾರೆ.

ಆ ಉತ್ತರದಲ್ಲಿ ಅರ್ಧ ಸತ್ಯ ಉಂಟು. ಪೋಕರಲ್ಲಿ ತಲೆ ಬೇಕು, ಅದು ಹೌದು. ಆದ್ರೆ ಬಾಂಡ್ ಆಡುವ ಪೋಕರಿಗೂ ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಮಂಚದಲ್ಲಿ ಮಲಗಿ ಆಡುವ ಪೋಕರಿಗೂ ಇರುವ ದೊಡ್ಡ ವ್ಯತ್ಯಾಸ ಒಂದೇ, ಬಾಂಡಿನ ಕೈಗೆ ಬರುವ ಎಲೆಯನ್ನು ಮೊದಲೇ ಒಬ್ಬ ಕೂತು ಬರೆದಿದ್ದಾನೆ, ಮತ್ತೆ ಬೋರಾಗುವ ಭಾಗವನ್ನೆಲ್ಲ ಎಡಿಟರ್ ಕತ್ತರಿಸಿ ಎಸೆದಿದ್ದಾನೆ. ಚಟ ಹುಟ್ಟುವುದು ಹೆಚ್ಚಾಗಿ ಆ ಎಸೆದ ಭಾಗದಲ್ಲಿ.

ಮೊದಲು ಆಟ ಎಂತ ಅಂತ ನೋಡುವ

ಪೋಕರಿಗೆ ಬೇರೆ ಬೇರೆ ರೂಪ ಉಂಟು, ಈಗ ಹೆಚ್ಚು ಓಡುವುದು ಟೆಕ್ಸಾಸ್ ಹೋಲ್ಡೆಮ್. ಮಾಮೂಲಿ 52 ಇಸ್ಪೀಟ್ ಎಲೆ. ಪ್ರತಿಯೊಬ್ಬನಿಗೂ ಎರಡೆರಡು ಎಲೆ ಗುಟ್ಟಾಗಿ ಕೊಡ್ತಾರೆ, ಟೇಬಲ್ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಹಂತಹಂತವಾಗಿ ಬಿಡಿಸ್ತಾರೆ, ಮೊದಲು ಮೂರು, ಮತ್ತೆ ಒಂದು, ಕೊನೆಗೆ ಇನ್ನೊಂದು. ಕೈಯ ಎರಡು, ಟೇಬಲಿನ ಐದು, ಒಟ್ಟು ಏಳರಲ್ಲಿ ಒಳ್ಳೆ ಐದು ಎಲೆ ಯಾರದ್ದೋ ಅವನು ಗೆದ್ದ. ಪ್ರತಿ ಹಂತಕ್ಕೂ ದುಡ್ಡು ಏರಿಸ್ಬಹುದು, ಇನ್ನೊಬ್ಬ ಏರಿಸಿದಷ್ಟನ್ನು ತಾನೂ ಹಾಕಿ ಮುಂದುವರಿಬಹುದು, ಇಲ್ಲ ಎಲೆ ಮಡಚಿ ಹೊರಗೆ ಬರಬಹುದು, ಹೀಗೆ ಮಡಚುವುದಕ್ಕೆ ಫೋಲ್ಡ್ ಅಂತಾರೆ. ಇರುವ ಚಿಪ್ಸೆಲ್ಲ, ಅಂದ್ರೆ ದುಡ್ಡಿನ ಬದಲು ಇಡುವ ಬಿಲ್ಲೆಗಳೆಲ್ಲ, ಒಮ್ಮೆಲೇ ಮುಂದೆ ತಳ್ಳಿದ್ರೆ ಆಲ್-ಇನ್. ಕೈಯಲ್ಲಿ ಎಂತದೂ ಇಲ್ಲದಿದ್ರೂ ದೊಡ್ಡ ಮೊತ್ತ ಹಾಕಿ ಎದುರಿನವರೆಲ್ಲ ಹೆದರಿ ಮಡಚುವ ಹಾಗೆ ಮಾಡಿದ್ರೆ ಅದು ಬ್ಲಫ್.

ಉಲಾಯಿ-ಪಿದಾಯಿಯಲ್ಲಿ ಎಲೆ ಒಳಗೆ ಬೀಳ್ತದಾ ಹೊರಗೆ ಬೀಳ್ತದಾ ಅಂತ ಕಾಯುವುದು ಬಿಟ್ರೆ ಆಡುವವನಿಗೆ ಬೇರೆ ಕೆಲಸ ಇಲ್ಲ. ಪೋಕರಲ್ಲಿ ಹಾಗಲ್ಲ, ನಿರ್ಧಾರ ಇವನದ್ದೇ. ಈ ಒಂದು ಕಾರಣಕ್ಕೇ ಅದು ಬ್ರೈನ್ ಗೇಮ್ ಅನಿಸುವುದು, ಮತ್ತೆ ಇದೇ ಕಾರಣಕ್ಕೆ ಕೆಲವರಿಗೆ ಹೆಚ್ಚು ಡೇಂಜರ್ ಕೂಡ, ಅದು ಹೇಗೆ ಅಂತ ಮುಂದೆ ಬರ್ತದೆ.

ಇನ್ನೊಂದು ವಿಷಯ ಸಿನಿಮಾದಲ್ಲಿ ಯಾರೂ ಹೇಳುವುದಿಲ್ಲ, ರೇಕ್. ಪೋಕರಲ್ಲಿ ಆಟಗಾರರು ಒಬ್ಬರ ದುಡ್ಡು ಒಬ್ಬರು ಗೆಲ್ಲುವುದು, ಕ್ಯಾಸಿನೋ ಅಥವಾ ಆಪ್ ಆಟ ಆಡುವುದಿಲ್ಲ, ಪ್ರತಿ ಸಲ ನಡುವೆ ಬಿದ್ದ ದುಡ್ಡಿಂದ ಸ್ವಲ್ಪ ಪಾಲು ಕಿತ್ತುಕೊಳ್ತದೆ. ಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ, ಆರು ಜನ ತಲಾ 1,000 ರೂಪಾಯಿ ತಂದು ಕೂತ್ರು, ಪ್ರತಿ ಆಟಕ್ಕೆ ಸರಾಸರಿ 500 ರೂಪಾಯಿ ನಡುವೆ ಬೀಳ್ತದೆ, ರೇಕ್ ಶೇ. 5. ಆಟಕ್ಕೆ 25 ರೂಪಾಯಿ ಹೋಯ್ತು. ನಲವತ್ತು ಆಟ ಮುಗಿಯುವಾಗ 1,000 ಮಾಯ, ಅಂದ್ರೆ ಆರರಲ್ಲಿ ಒಬ್ಬನ ಪೂರ್ತಿ ದುಡ್ಡು ಯಾರಿಗೂ ಸಿಗದೆ ಹೋದ ಹಾಗೆ. ಹಾಗಾಗಿ ಪಕ್ಕದವನಿಗಿಂತ ಸ್ವಲ್ಪ ಚೆನ್ನಾಗಿ ಆಡಿದ್ರೆ ಸಾಕಾಗುವುದಿಲ್ಲ, ರೇಕನ್ನೂ ಮೀರಿ ಚೆನ್ನಾಗಿ ಆಡ್ಬೇಕು.

ಬಾಂಡ್ ಎಷ್ಟು ಸಲ ಸೋತ ಅಂತ ನೆನಪುಂಟಾ?

'ಕ್ಯಾಸಿನೋ ರೊಯಾಲ್' ಕಾದಂಬರಿ 1953ರಲ್ಲಿ ಬಂದಾಗ ಅದರಲ್ಲಿ ಬಾಂಡ್ ಆಡುವುದು ಬ್ಯಾಕರಾ ಅಂತ ಬೇರೆಯೇ ಇಸ್ಪೀಟ್ ಆಟ. 2006ರ ಸಿನಿಮಾದಲ್ಲಿ ಅದನ್ನು ಹೋಲ್ಡೆಮ್ ಮಾಡಿದ್ರು, ಯಾಕಂದ್ರೆ ಆ ಹೊತ್ತಿಗೆ ಪೋಕರ್ ಜ್ವರ ಏರಿತ್ತು. ಸಿನಿಮಾದವರಿಗೆ ಪೋಕರ್ ಇಷ್ಟ ಆಗುವುದೂ ಸಹಜವೇ, ಎದುರುಬದುರು ಕೂತ ಎರಡು ಮುಖ, ಸುಳ್ಳು ಹೇಳ್ತಿದ್ದಾನಾ ಇಲ್ವಾ ಅನ್ನುವ ಟೆನ್ಷನ್, ಬಾಂಬ್ ಒಡೆಯುವ ಖರ್ಚು ಇಲ್ಲದೆ ಕ್ಲೈಮ್ಯಾಕ್ಸ್ ರೆಡಿ.

ಆ ಸಿನಿಮಾದ ಕೊನೆಯ ಆಟ ಎಲ್ಲರಿಗೂ ನೆನಪಿರ್ತದೆ. ನಾಲ್ಕು ಜನ ಒಟ್ಟಿಗೆ ಆಲ್-ಇನ್, ಒಬ್ಬನಿಗೆ ಫ್ಲಶ್ (ಐದೂ ಎಲೆ ಒಂದೇ ಜಾತಿ), ಇಬ್ಬರಿಗೆ ಫುಲ್ ಹೌಸ್ (ಒಂದೇ ನಂಬರಿನ ಮೂರು, ಇನ್ನೊಂದು ನಂಬರಿನ ಎರಡು), ಬಾಂಡಿಗೆ ಎಲ್ಲವನ್ನೂ ಮೀರಿಸುವ ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯ, ಸಾಲಾಗಿ ಬರುವ ಐದು ಎಲೆ). ಆದ್ರೆ ಅದಕ್ಕಿಂತ ಸ್ವಲ್ಪ ಮೊದಲಿನ ಸೀನ್ ಇನ್ನೊಮ್ಮೆ ಹಾಕಿ ನೋಡಿ. ಬಾಂಡ್ ವಿಲನ್ನಿನ ಮುಖಲಕ್ಷಣ ಓದಿದ್ದೇನೆ ಅಂತ ನಂಬಿ ತನ್ನ ಹತ್ರ ಇದ್ದದ್ದೆಲ್ಲ ಸೋಲ್ತಾನೆ. ಇನ್ನೂ 50 ಲಕ್ಷ ಡಾಲರ್ ಕೊಡು ಅಂತ ಸರ್ಕಾರದ ದುಡ್ಡು ನೋಡಿಕೊಳ್ಳುವ ವೆಸ್ಪರ್ ಹತ್ರ ಕೇಳ್ತಾನೆ, ನಿನ್ನ ಅಹಂಕಾರದಿಂದ ಸೋತದ್ದು, ಕೊಡುವುದಿಲ್ಲ ಅಂತಾಳೆ ಅವಳು. ಅವನಿಗೆ ಎಷ್ಟು ಸಿಟ್ಟು ಬರ್ತದೆ ಅಂದ್ರೆ ಟೇಬಲಿಂದ ಚಾಕು ಎತ್ತಿಕೊಂಡು ವಿಲನ್ನನ್ನು ಕೊಲ್ಲಲಿಕ್ಕೆ ಹೊರಡ್ತಾನೆ. ಆಗ ಅಮೆರಿಕದ ಏಜೆಂಟ್ ಒಬ್ಬ ಅಡ್ಡ ಬಂದು ದುಡ್ಡು ನಾನು ಹಾಕ್ತೇನೆ ಅಂತಾನೆ. ವಾಪಸ್ ಕೂತು ಎಲ್ಲ ಗೆದ್ದುಬಿಡ್ತಾನೆ.

ಕಥೆಯ ಬಣ್ಣ ತೆಗೆದು ನೋಡಿದ್ರೆ ಅಲ್ಲಿ ನಡೆದದ್ದು ಇಷ್ಟು: ಸೋತ, ಸಿಟ್ಟಲ್ಲಿ ತಲೆ ಕೆಟ್ಟಿತು, ಮನೆಯವಳು ಬೇಡ ಅಂದ್ಳು, ಬೇರೆಯವನ ಹತ್ರ ಸಾಲ ತೆಗೆದ, ಹೋದ ದುಡ್ಡನ್ನು ವಾಪಸ್ ತರ್ಲಿಕ್ಕೆ ಹೋದ. ಸೋತ ಸಿಟ್ಟಲ್ಲಿ ಬುದ್ಧಿ ತಪ್ಪಿ ಆಡುವುದಕ್ಕೆ ಪೋಕರಿನವರ ಭಾಷೆಯಲ್ಲಿ ಟಿಲ್ಟ್ ಅಂತಾರೆ, ಹೋದದ್ದನ್ನು ಹಿಡಿಯಲಿಕ್ಕೆ ಮತ್ತೆ ಮತ್ತೆ ದುಡ್ಡು ಹಾಕುವುದು ಚೇಸಿಂಗ್. ಜೂಜಿನ ಚಟಕ್ಕೆ ಡಾಕ್ಟರ್‌ಗಳು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಸಿನಿಮಾದಲ್ಲಿ ಸರಿಯಾದ ಮಾತು ಹೇಳಿದವಳು ವೆಸ್ಪರ್ ಒಬ್ಬಳೇ, ಆದ್ರೆ ನೋಡುವವರಿಗೆ ಆಗ ಅವಳ ಮೇಲೆಯೇ ಕೋಪ ಬರ್ತದೆ, ಯಾಕಂದ್ರೆ ಸ್ಟ್ರೇಟ್ ಫ್ಲಶ್ ಬರ್ಲಿಕ್ಕೆ ಉಂಟು ಅಂತ ನಮಗೂ ಒಳಗೊಳಗೆ ಗೊತ್ತು.

ಅದು ಎಷ್ಟು ಅಪರೂಪ ಅಂತ ಲೆಕ್ಕ ಉಂಟು. 52 ಎಲೆಯಿಂದ ಐದು ಎಲೆ ಎತ್ತುವ ರೀತಿ ಒಟ್ಟು 25,98,960. ಅದರಲ್ಲಿ ಎಲ್ಲದಕ್ಕಿಂತ ದೊಡ್ಡದಾದ ರಾಯಲ್ ಫ್ಲಶ್ (ಒಂದೇ ಜಾತಿಯ ಹತ್ತರಿಂದ ಎಕ್ಕದವರೆಗಿನ ಐದು) ಬರೀ ನಾಲ್ಕು, ಅಂದ್ರೆ 6,49,740ಕ್ಕೆ ಒಂದು. ಹೋಲ್ಡೆಮಲ್ಲಿ ಏಳರಿಂದ ಐದು ಆರಿಸುವುದರಿಂದ ಸ್ವಲ್ಪ ಸುಲಭ, ಆದ್ರೂ ಯಾವುದೋ ಒಂದು ಸ್ಟ್ರೇಟ್ ಫ್ಲಶ್ ಕೈಗೆ ಬರ್ಲಿಕ್ಕೆ, ಪ್ರತಿ ಸಲ ಕೊನೆಯ ಎಲೆಯವರೆಗೂ ಮಡಚದೆ ಕೂತ್ರೂ, ಸುಮಾರು 3,200 ಆಟ ಬೇಕು. ಕ್ಯಾಸಿನೋ ಟೇಬಲಲ್ಲಿ ಗಂಟೆಗೆ ಹೆಚ್ಚಂದ್ರೆ ಮೂವತ್ತು ಆಟ ಆಗ್ತದೆ. ನೂರು ಗಂಟೆಗಿಂತ ಜಾಸ್ತಿ ಕೂರ್ಬೇಕು! ಮೊದಲಿಗೇ ಎರಡು ಎಕ್ಕ ಸಿಗುವುದು ಸಹ 221ಕ್ಕೆ ಒಮ್ಮೆ. ಚೆನ್ನಾಗಿ ಆಡುವವರು ಹತ್ತರಲ್ಲಿ ಏಳೆಂಟು ಸಲ ಎಲೆ ನೋಡಿ ಮಡಚಿ ಸುಮ್ನೆ ಕೂರ್ತಾರೆ. ಆ ಕೂರುವುದನ್ನು ಯಾವ ಡೈರೆಕ್ಟರ್ ತೋರಿಸ್ತಾನೆ ಹೇಳಿ, ಥಿಯೇಟರಲ್ಲಿ ಜನ ಎದ್ದು ಹೋಗ್ತಾರೆ.

ಹಾಗೆಯೇ ಕೆಲವು ಸಣ್ಣ ಸುಳ್ಳು. ಕಾರಿನ ಕೀ ಟೇಬಲಿಗೆ ಎಸೆದು ಪಣ ಇಡುವುದು, ಎದುರಿನವನ ಹತ್ರ ದುಡ್ಡು ಕಡಿಮೆ ಉಂಟು ಅಂತ ದೊಡ್ಡ ಮೊತ್ತ ಹಾಕಿ ಅವನನ್ನು ಹೊರಗೆ ಹಾಕುವುದು, ಇದೆಲ್ಲ ನಿಯಮದ ಪ್ರಕಾರ ನಡೆಯುವ ಪೋಕರಲ್ಲಿ ಇಲ್ಲ. ಆಟ ಶುರುವಾಗುವಾಗ ಟೇಬಲ್ ಮೇಲೆ ಎಷ್ಟು ಉಂಟೋ ಅಷ್ಟೇ ಲೆಕ್ಕ. ಮತ್ತೆ ಮುಖ ನೋಡಿ ಸುಳ್ಳು ಹಿಡಿಯುವುದು, 1998ರ 'ರೌಂಡರ್ಸ್' ಸಿನಿಮಾದಲ್ಲಿ ವಿಲನ್ ಬಿಸ್ಕಿಟ್ ಬಿಡಿಸುವ ರೀತಿ ನೋಡಿ ಹೀರೋ ಎಲೆ ಪತ್ತೆ ಮಾಡ್ತಾನೆ. ಮೊಬೈಲ್ ಪೋಕರಲ್ಲಿ ಮುಖವೇ ಇಲ್ಲ. ಎದುರಿಗೆ ಇರುವುದು ಒಂದು ಕಾರ್ಟೂನ್ ಚಿತ್ರ ಮತ್ತೆ ಒಂದು ಹೆಸರು.

ಒಬ್ಬ ಗೆದ್ದ, ಊರೆಲ್ಲ ಕೂತಿತು

'ರೌಂಡರ್ಸ್' ಥಿಯೇಟರಲ್ಲಿ ಅಷ್ಟೇನು ಓಡಿದ ಸಿನಿಮಾ ಅಲ್ಲ, ಆಮೇಲೆ ಮನೆಯಲ್ಲಿ ನೋಡಿದವರಿಗೆ ಹುಚ್ಚು ಹಿಡಿಸಿತು. 2003ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಟೂರ್ನಮೆಂಟನ್ನು ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ ಗೆದ್ದ, ಆನ್‌ಲೈನಲ್ಲಿ ನೂರು ಡಾಲರಿಗಿಂತ ಕಡಿಮೆ ಕಟ್ಟಿ ಒಳಗೆ ಬಂದವನಿಗೆ 25 ಲಕ್ಷ ಡಾಲರ್ ಸಿಕ್ಕಿತು. ಹೆಸರು ಸುಳ್ಳಲ್ಲ, ಅವನ ನಿಜವಾದ ಹೆಸರೇ ಅದು, ಕಥೆ ಬರೆಯುವವನು ಹಾಗೆ ಇಟ್ಟಿದ್ರೆ ನಗಾಡ್ತಿದ್ರು. ಆ ವರ್ಷ ಟೂರ್ನಮೆಂಟಲ್ಲಿ 839 ಜನ, 2006ಕ್ಕೆ 8,773 ಜನ. 839 ಜನರಲ್ಲಿ ದುಡ್ಡು ಕಳ್ಕೊಂಡು ಮನೆಗೆ ಹೋದವರ ಬಗ್ಗೆ ಯಾವ ಚಾನೆಲ್ಲಲ್ಲೂ ಬರ್ಲಿಲ್ಲ, ಬರುವ ವಿಷಯವೂ ಅಲ್ಲ ಅದು. ಗೆದ್ದವನು ಮಾತ್ರ ಕಾಣುವುದರಿಂದ ಗೆಲ್ಲುವುದು ಮಾಮೂಲಿ ಅನಿಸಿಬಿಡ್ತದೆ.

ಮೆದುಳಲ್ಲಿ ಎಂತ ನಡೀತದೆ

ಅಳಿವೆಬಾಗಿಲಲ್ಲಿ ಗಾಳ ಹಾಕಿ ಕೂತವರನ್ನು ನೋಡಿದ್ದೀರಲ್ಲ. ಪ್ರತಿ ಸಲ ಗಾಳ ಎಸೆದಾಗ ಮೀನು ಬಂದ್ರೆ ಬೇಕಾದಷ್ಟು ಆದ ಕೂಡ್ಲೇ ಎದ್ದು ಹೋಗ್ತಾರೆ, ಒಮ್ಮೆಯೂ ಬರದಿದ್ರೆ ಅರ್ಧ ಗಂಟೆಯಲ್ಲಿ ಎದ್ದು ಹೋಗ್ತಾರೆ. ಯಾವಾಗಲೋ ಒಮ್ಮೆ ಬರ್ತದೆ, ಯಾವಾಗ ಅಂತ ಗೊತ್ತಿಲ್ಲ ಅಂತಾದ್ರೆ? ಕತ್ತಲಾದ್ರೂ ಏಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ, ಬಹುಮಾನ ಲೆಕ್ಕ ತಪ್ಪಿ ಬರುವಾಗ ಪ್ರಾಣಿ ಆ ಕೆಲಸವನ್ನು ಬಿಡುವುದೇ ಇಲ್ಲ. ಸ್ಲಾಟ್ ಮೆಷಿನ್, ಮಟ್ಕಾ, ಪೋಕರ್ ಎಲ್ಲದರ ಒಳಗೂ ಇದೇ ಇರುವುದು.

ಇದರಲ್ಲಿ ಡೋಪಮೀನ್ ಅನ್ನುವ ರಾಸಾಯನಿಕದ ಪಾತ್ರ ಉಂಟು. ಗೆದ್ದಾಗ ಖುಷಿ ಕೊಡುವುದು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದು ಜೋರಾಗಿ ಕೆಲಸ ಮಾಡುವುದು ಗೆಲ್ಲಬಹುದೋ ಏನೋ ಅಂತ ಕಾಯುವ ಹೊತ್ತಲ್ಲಿ. ಇದಕ್ಕೆ ಒಂದು ವಿಚಿತ್ರ ಸಾಕ್ಷಿ ಉಂಟು: ಪಾರ್ಕಿನ್ಸನ್ ಕಾಯಿಲೆಗೆ ಡೋಪಮೀನ್ ಥರ ಕೆಲಸ ಮಾಡುವ ಪ್ರಾಮಿಪೆಕ್ಸೋಲಿನಂಥ ಕೆಲವು ಮಾತ್ರೆ ಕೊಡ್ತಾರೆ, ಅದನ್ನು ತಗೊಳ್ಳುವ ಕೆಲವರಿಗೆ, ಜೀವಮಾನದಲ್ಲಿ ಇಸ್ಪೀಟ್ ಮುಟ್ಟದವರಿಗೂ, ಜೂಜಿನ ಹುಚ್ಚು ಹತ್ತಿದ್ದುಂಟು, ಮಾತ್ರೆ ನಿಲ್ಲಿಸಿದ್ರೆ ಅಥವಾ ಕಡಿಮೆ ಮಾಡಿದ್ರೆ ಹೆಚ್ಚಿನವರಲ್ಲಿ ಇಳಿದುಹೋಗ್ತದೆ. (ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸ್ಬೇಡಿ ಮತ್ತೆ.) ಚಟ ಅಂದ್ರೆ ಬರೀ ಕೊಬ್ಬು, ಪೆಟ್ಟು ಕೊಟ್ರೆ ಸರಿ ಆಗ್ತದೆ ಅನ್ನುವವರು ಇದನ್ನು ಒಮ್ಮೆ ಯೋಚನೆ ಮಾಡ್ಬೇಕು.

ಸ್ವಲ್ಪದರಲ್ಲಿ ತಪ್ಪಿದ್ದು ಇನ್ನೊಂದು ತಾಪತ್ರಯ. ಒಂದು ಎಲೆಯಿಂದ ಸೋತ್ರೆ ಲೆಕ್ಕದಲ್ಲಿ ಅದು ಪೂರ್ತಿ ಸೋಲೇ, ಒಂದು ರೂಪಾಯಿಯೂ ಸಿಗುವುದಿಲ್ಲ, ಆದ್ರೆ ಮೆದುಳಿನ ಸ್ಕ್ಯಾನ್ ಮಾಡಿದ ಅಧ್ಯಯನಗಳಲ್ಲಿ ಇಂಥ ಸೋಲಿಗೆ ಗೆದ್ದಾಗ ಚುರುಕಾಗುವ ಭಾಗಗಳೇ ಚುರುಕಾಗುವುದು ಕಂಡಿದೆ. ಪೋಕರಲ್ಲಿ ಕೊನೆಯ ಎಲೆ ಬಿಡಿಸುವವರೆಗೂ ಹೀಗೇ ಎಳೆದಾಟ. ಮತ್ತೆ "ಇಷ್ಟು ಹೊತ್ತು ಸೋತೆ, ಇನ್ನು ಬರ್ಲೇಬೇಕು" ಅನ್ನುವ ನಂಬಿಕೆ. 1913ರಲ್ಲಿ ಮಾಂಟೆ ಕಾರ್ಲೋ ಕ್ಯಾಸಿನೋದ ರೂಲೆಟ್ ಚಕ್ರದಲ್ಲಿ, ಅಂದ್ರೆ ಗೋಲಿ ಕೆಂಪು ಮನೆಗೆ ಬೀಳ್ತದಾ ಕಪ್ಪು ಮನೆಗೆ ಬೀಳ್ತದಾ ಅಂತ ದುಡ್ಡು ಕಟ್ಟುವ ಚಕ್ರದಲ್ಲಿ, ಸತತ 26 ಸಲ ಕಪ್ಪೇ ಬಿತ್ತು, ಇನ್ನು ಕೆಂಪು ಬರ್ಲೇಬೇಕು ಅಂತ ಜನ ದುಡ್ಡು ಸುರಿದು ಸುರಿದು ಹಾಳಾದ್ರು. ಚಕ್ರಕ್ಕೆ ಹಿಂದಿನ ಸಲ ಎಂತ ಬಿತ್ತು ಅಂತ ಎಂತ ಗೊತ್ತು? ಇಸ್ಪೀಟ್ ಎಲೆಗೂ ಅಷ್ಟೆ, ಪ್ರತಿ ಸಲ ಕಲಸಿ ಹಂಚುವಾಗ ಎಲ್ಲ ಹೊಸತು.

ಈಗ ಆ ಬ್ರೈನ್ ಗೇಮ್ ವಿಷಯಕ್ಕೆ ಬರುವ. ಆಟದಲ್ಲಿ ನನ್ನ ಕೈವಾಡ ಉಂಟು ಅನಿಸಿದಷ್ಟು ಬಿಡುವುದು ಕಷ್ಟ. ಮಟ್ಕಾದಲ್ಲಿ ಸೋತವನು ಗ್ರಹಚಾರ ಅಂತಾನೆ, ಪೋಕರಲ್ಲಿ ಸೋತವನು ಆ ಒಂದು ಕೈ ತಪ್ಪು ಆಡಿದೆ, ಯೂಟ್ಯೂಬಲ್ಲಿ ನೋಡಿ ಕಲಿತೇನೆ, ಮುಂದಿನ ಸಲ ಸರಿ ಮಾಡ್ತೇನೆ ಅಂತಾನೆ, ಗೆದ್ರೆ ಮಾತ್ರ ಪೂರ್ತಿ ತನ್ನ ಬುದ್ಧಿ. ಸ್ಕಿಲ್ ನಿಜವಾಗಿ ಇರುವುದರಿಂದಲೇ ಈ ಸಮಾಧಾನ ಸುಳ್ಳು ಅಂತ ಗೊತ್ತಾಗ್ಲಿಕ್ಕೆ ತಡ ಆಗ್ತದೆ, ಕೆಲವು ವಾರದ ಅದೃಷ್ಟಕ್ಕೂ ನಿಜವಾದ ಸಾಮರ್ಥ್ಯಕ್ಕೂ ವ್ಯತ್ಯಾಸ ತಿಳೀಬೇಕಾದ್ರೆ ಸಾವಿರಾರು ಆಟದ ಲೆಕ್ಕ ಬರೆದಿಡ್ಬೇಕು. ಯಾರು ಬರೆದಿಡ್ತಾರೆ? ಅದ್ರ ಮೇಲೆ ಫೋನಲ್ಲಿ ಸ್ಪೀಡ್ ಬೇರೆ, ಎಲೆ ಕಲಸುವ ಕೆಲಸ ಇಲ್ಲ, ಒಂದೇ ಸಲ ಎರಡು ಮೂರು ಟೇಬಲ್ ತೆರೀಬಹುದು, ಯುಪಿಐ ಪಿನ್ ಒತ್ತಿದ್ರೆ ದುಡ್ಡು ಹೋಯ್ತು, ಕೈಯಿಂದ ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಕೂಡ ಇಲ್ಲ.

ಧರ್ಮರಾಯ ವಾಪಸ್ ಹೋದದ್ದು ಯಾಕೆ

ಇದನ್ನೆಲ್ಲ ತೋರಿಸಲಿಕ್ಕೆ ಹಾಲಿವುಡ್ಡೇ ಬೇಕಂತಿಲ್ಲ, ನಮ್ಮಲ್ಲಿ ರಾತ್ರಿ ಬೆಳಗಾಗುವವರೆಗೆ ಯಕ್ಷಗಾನ ನೋಡಿದವರಿಗೆ ದ್ಯೂತದ ಕಥೆ ಬಾಯಿಪಾಠ. ಶಕುನಿಯ ದಾಳ, ಪಣಕ್ಕಿಟ್ಟ ರಾಜ್ಯ, ತಮ್ಮಂದಿರು, ದ್ರೌಪದಿ. ಆದ್ರೆ ಚಟದ ದೃಷ್ಟಿಯಿಂದ ಮುಖ್ಯವಾದದ್ದು ಅದರ ನಂತರದ ಭಾಗ, ಅನುದ್ಯೂತ. ದ್ರೌಪದಿಯ ದೆಸೆಯಿಂದ ಧೃತರಾಷ್ಟ್ರ ಹೋದದ್ದನ್ನೆಲ್ಲ ವಾಪಸ್ ಕೊಟ್ಟು ಕಳಿಸಿದ್ದಾನೆ, ಇಂದ್ರಪ್ರಸ್ಥದ ದಾರಿ ಹಿಡಿದಾಗಿದೆ, ಅಷ್ಟರಲ್ಲಿ ಇನ್ನೊಂದು ಆಟಕ್ಕೆ ಕರೆ ಬರ್ತದೆ, ಧರ್ಮರಾಯ ತಿರುಗಿ ಹೋಗಿ ಕೂರ್ತಾನೆ, ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಕರೆದಾಗ ಹೋಗದಿರುವುದು ಕ್ಷತ್ರಿಯ ಧರ್ಮ ಅಲ್ಲ, ಹಿರಿಯರ ಮಾತು ಮೀರ್ಲಿಕ್ಕಾಗುವುದಿಲ್ಲ ಅಂತ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಸಮರ್ಥನೆ ಕೊಡಬಹುದು, ಕೇಳ್ಲಿಕ್ಕೆ ಚಂದವೂ ಉಂಟು. ಆದ್ರೆ ಸಾಲ ಪೂರ್ತಿ ತೀರಿಸಿಕೊಟ್ಟ ಮೇಲೂ ಒಬ್ಬ ಪುನಃ ಯಾಕೆ ಆಡ್ತಾನೆ ಅಂತ ತಲೆ ಚಚ್ಚಿಕೊಳ್ಳುವ ಮನೆಯವರಿಗೆ ಆ ಪ್ರಸಂಗ ಹೊಸತೇನೂ ಅಲ್ಲ.

ಪಶ್ಚಿಮದಲ್ಲೂ ಸರಿಯಾಗಿ ತೋರಿಸಿದ ಸಿನಿಮಾ ಇಲ್ಲ ಅಂತಲ್ಲ. 1965ರ 'ದಿ ಸಿನ್ಸಿನಾಟಿ ಕಿಡ್'ನಲ್ಲಿ ಹೀರೋ ಎಕ್ಕದ ಫುಲ್ ಹೌಸ್ ಹಿಡಿದುಕೊಂಡೂ ಕೊನೆಗೆ ಮುದುಕನ ಸ್ಟ್ರೇಟ್ ಫ್ಲಶ್ಶಿಗೆ ಸೋಲ್ತಾನೆ. 2003ರ 'ಓನಿಂಗ್ ಮಹೌನಿ' ಟೊರಾಂಟೋದಲ್ಲಿ ನಿಜವಾಗಿ ನಡೆದದ್ದು, ಬ್ಯಾಂಕ್ ಅಧಿಕಾರಿಯೊಬ್ಬ ತನ್ನ ಬ್ಯಾಂಕಿಂದಲೇ 1 ಕೋಟಿ ಡಾಲರ್ ದಾಟುವಷ್ಟು ಹಾರಿಸಿ ಜೂಜಾಡಿದ. ಸಿನಿಮಾದಲ್ಲಿ ಅವನಿಗೆ ಸೂಟಿಲ್ಲ, ಸ್ಟೈಲಿಲ್ಲ, ಗೆದ್ದಾಗ ನಗುವೂ ಇಲ್ಲ. ಜೂಜಿನಿಂದ ಸಿಗುವ ಥ್ರಿಲ್‌ಗೆ ನೂರಕ್ಕೆ ಎಷ್ಟು ಮಾರ್ಕ್ ಅಂತ ಕೇಳಿದ್ರೆ ನೂರು ಅಂತಾನೆ, ಅದು ಬಿಟ್ಟು ಜೀವನದಲ್ಲಿ ಸಿಕ್ಕಿದ ದೊಡ್ಡ ಥ್ರಿಲ್‌ಗೆ ಇಪ್ಪತ್ತು. ಆ ಎಂಬತ್ತು ಮಾರ್ಕಿನ ಹೊಂಡ ತುಂಬಿಸುವುದು ಹೇಗೆ ಅನ್ನುವುದೇ ಚಿಕಿತ್ಸೆಯ ಕಷ್ಟ. ಇಂಥ ಸಿನಿಮಾ ಹೆಚ್ಚು ಓಡುವುದಿಲ್ಲ ಬಿಡಿ, ರೀಲ್ಸಲ್ಲಿ ತಿರುಗುವುದು ಬಾಂಡಿನ ಸೀನೇ.

ಸ್ಕಿಲ್ ಗೇಮ್ ಅಂತ ಕೋರ್ಟೇ ಹೇಳಿದೆ ಅಂತಾರಲ್ಲ?

ಕೋರ್ಟ್ ನೋಡಿದ್ದು ಬೇರೆ ಪ್ರಶ್ನೆ. 1867ರ ಜೂಜು ಕಾಯ್ದೆಯಲ್ಲೇ ಬರೀ ಕೌಶಲ್ಯದ ಆಟಕ್ಕೆ ವಿನಾಯಿತಿ ಉಂಟು, ಹಾಗಾಗಿ ಯಾವುದು ಕೌಶಲ್ಯ ಯಾವುದು ಅದೃಷ್ಟ ಅಂತ ಮೊದಲಿಂದಲೂ ವಾದ. 1960ರ ದಶಕದಲ್ಲಿ ಆಂಧ್ರದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಹೆಚ್ಚಾಗಿ ಕೌಶಲ್ಯದ ಆಟ, ಮೂರೆಲೆ ಆಟ ಬರೀ ಅದೃಷ್ಟ ಅಂತ ಹೇಳಿತು. ಪೋಕರ್ ಬಗ್ಗೆ ಹೈಕೋರ್ಟ್‌ಗಳು ಒಂದೇ ಮಾತು ಹೇಳ್ಲಿಲ್ಲ, ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜು ಅಂತಲೇ ಹೇಳಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಕೇಂದ್ರ ಕಾನೂನು ಈ ಜಗಳವನ್ನೇ ಪಕ್ಕಕ್ಕಿಟ್ಟು ಕೌಶಲ್ಯ ಆಗ್ಲಿ ಅದೃಷ್ಟ ಆಗ್ಲಿ ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟ ಬೇಡ ಅಂತು, ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ, ಹಾಗಾಗಿ ಕೇಸಾಗ್ತದೆ ಅಂತ ಹೆದರಿ ಡಾಕ್ಟರ್ ಹತ್ರ ಹೋಗದೆ ಕೂರ್ಬೇಕಂತಿಲ್ಲ. ಗೋವಾದಲ್ಲಿ ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೋ ಹಡಗುಗಳ ಲೆಕ್ಕ ಬೇರೆ, ಅದು ಅಲ್ಲಿನ ರಾಜ್ಯದ ಕಾನೂನು. ಮತ್ತೆ ಆಪ್ ಬಂದಾದ ಮೇಲೆ ವಿದೇಶಿ ಸೈಟು, ಟೆಲಿಗ್ರಾಂ ಲಿಂಕ್ ಅಂತ ಹುಡುಕಿ ಹೋದ್ರೆ ದುಡ್ಡು ಮುಳುಗಿದಾಗ ಕೇಳ್ಲಿಕ್ಕೂ ಜನ ಇಲ್ಲ.

ಚಟ ಅಂತ ಯಾವಾಗ ಹೇಳುವುದು

ಜೂಜಾಡುವ ಎಲ್ಲರೂ ಚಟಗಾರರಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಮೊದಲು ಇದನ್ನು ಬೇರೆ ಗುಂಪಲ್ಲಿ ಇಟ್ಟಿತ್ತು, 2013ರ ಆವೃತ್ತಿಯಲ್ಲಿ ಕುಡಿತ, ಡ್ರಗ್ಸ್ ಚಟದ ಸಾಲಿಗೇ ತಂದಿತು. ಅದರಲ್ಲಿ ಒಂಬತ್ತು ಲಕ್ಷಣ ಉಂಟು, ಒಂದು ವರ್ಷದೊಳಗೆ ನಾಲ್ಕು ಕಂಡ್ರೆ ಕಾಯಿಲೆ ಅಂತ ಲೆಕ್ಕ: ಅದೇ ಥ್ರಿಲ್‌ಗೆ ಹೆಚ್ಚು ಹೆಚ್ಚು ದುಡ್ಡು ಬೇಕಾಗುವುದು, ನಿಲ್ಲಿಸ್ಲಿಕ್ಕೆ ಹೋದ್ರೆ ಚಡಪಡಿಕೆ, ನಿಲ್ಲಿಸ್ಲಿಕ್ಕೆ ನೋಡಿ ನೋಡಿ ಆಗದೆ ಇರುವುದು, ಇಡೀ ದಿನ ಅದೇ ಯೋಚನೆ, ಬೇಜಾರಾದಾಗ ಆಟಕ್ಕೆ ಓಡುವುದು, ಸೋತದ್ದನ್ನು ಹಿಡಿಯಲಿಕ್ಕೆ ಮರುದಿನ ಮತ್ತೆ ಕೂರುವುದು, ಸುಳ್ಳು ಹೇಳುವುದು, ಓದು ಕೆಲಸ ಸಂಬಂಧ ಹಾಳಾಗುವುದು, ಬೇರೆಯವರ ಹತ್ರ ದುಡ್ಡಿಗೆ ಕೈ ಚಾಚುವುದು. ಬಾಯಲ್ಲಿ ವಾಸನೆ ಬರುವುದಿಲ್ಲ, ಕಾಲು ತೂರಾಡುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತಾಗುವುದು ಸಾಲದ ಫೋನ್ ಬಂದಾಗ.

ಆಗ ಸಾಧಾರಣ ಎಲ್ಲರೂ ಮಾಡುವುದು ಚಿನ್ನ ಅಡವಿಟ್ಟು ಅಥವಾ ಸೊಸೈಟಿ ಸಾಲ ತೆಗೆದು ಅವನ ಕೈಗೆ ದುಡ್ಡು ಕೊಟ್ಟು ದೇವರ ಮುಂದೆ ಆಣೆ ಹಾಕಿಸುವುದು. ಬಾಂಡಿಗೆ ಅಮೆರಿಕದ ಏಜೆಂಟ್ ಮಾಡಿದ್ದು ಇದನ್ನೇ. ಸಾಲ ಕಟ್ಟುವುದೇ ಆದ್ರೆ ಕೊಟ್ಟವರಿಗೆ ನೇರ ಕಟ್ಟಿ, ಸ್ವಲ್ಪ ಸಮಯ ಎಟಿಎಂ ಕಾರ್ಡು, ಯುಪಿಐ, ಸಂಬಳದ ಅಕೌಂಟ್ ನಂಬುಗೆಯ ಇನ್ನೊಬ್ಬರ ಉಸ್ತುವಾರಿಯಲ್ಲಿ ಇರ್ಲಿ, ಅದು ಅವನೂ ಒಪ್ಪಿ ಆಗ್ಬೇಕು. ಬೈದು ಅವಮಾನ ಮಾಡುವಾಗ ಒಂದು ವಿಷಯ ನೆನಪಿರ್ಲಿ, ಸಾಲದಲ್ಲಿ ಸಿಕ್ಕಿಬಿದ್ದ ಜೂಜುಗಾರರಲ್ಲಿ ಆತ್ಮಹತ್ಯೆಯ ಯೋಚನೆ ಮಾಮೂಲಿಗಿಂತ ಜಾಸ್ತಿ. ಅಂಥ ಮಾತು ಬಾಯಿಗೆ ಬಂದ್ರೆ ಒಬ್ಬರನ್ನೇ ಬಿಡ್ಬೇಡಿ.

ಔಷಧಿಗಿಂತ ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಕೌನ್ಸೆಲಿಂಗ್, ಯಾವ ಹೊತ್ತಿಗೆ ಯಾವ ಮೂಡಲ್ಲಿ ಆಸೆ ಏಳ್ತದೆ ಅಂತ ಕಂಡುಹಿಡಿದು, "ಇನ್ನು ಬರ್ಲೇಬೇಕು" ಅನ್ನುವಂಥ ಲೆಕ್ಕವನ್ನು ಒಂದೊಂದಾಗಿ ಬಿಡಿಸುವುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಂಟು, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಉಡುಪಿಯಲ್ಲಿ ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆ, ಮಂಗಳೂರಲ್ಲಿ ವೆನ್ಲಾಕ್, ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗ, ಮೊಬೈಲ್ ಚಟಕ್ಕೇ ಅಂತ ಬೆಂಗಳೂರಿನ ನಿಮ್ಹಾನ್ಸಲ್ಲಿ 2014ರಿಂದ ಶಟ್ ಕ್ಲಿನಿಕ್ ಉಂಟು. ಹೋಗುವಾಗ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಹೋಗಿ, ಬಾಯಲ್ಲಿ ಹೇಳುವ ಲೆಕ್ಕಕ್ಕಿಂತ ಅದರಲ್ಲಿ ರಾತ್ರಿ ಒಂದು ಗಂಟೆ, ಎರಡು ಗಂಟೆಗೆ ಹೋದ ಇನ್ನೂರು, ಐನೂರು, ಐನೂರು, ಸಾವಿರ ನೋಡಿದ್ರೆ ಡಾಕ್ಟರಿಗೆ ಬೇಗ ಅಂದಾಜಾಗ್ತದೆ.